ಒಂದು ಶೇಡ್ ಲೈಟ್

ಮುಖದ ಚರ್ಮ ಎಲ್ಲ ಕಡೆ ಒಂದೇ ಬಣ್ಣದ್ದಾಗಿರುವುದಿಲ್ಲ. ಬಿಸಿಲು ಕಂಡ ಹಣೆ ಒಂದು ಬಣ್ಣ, ಬಾಯಿಯ ಸುತ್ತ ಇನ್ನೊಂದು. ಕಣ್ಣಿನ ಕೆಳಗೆ ಚರ್ಮ ತೆಳುವಾದ್ದರಿಂದ ಒಳಗಿನ ರಕ್ತನಾಳಗಳ ನೀಲಿ ಛಾಯೆ ಇಣುಕುತ್ತದೆ, ವಯಸ್ಸು ಏರುತ್ತಿದ್ದಂತೆ ಕೆಲವರ ಕೆನ್ನೆಯ ಮೇಲೆ ಬಂಗು ಬಂದು ಕೂರುತ್ತದೆ. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಸಮನಾಗಿ ಹಂಚಿಕೆಯಾಗಬೇಕೆಂಬ ನಿಯಮ ಯಾರ ದೇಹದಲ್ಲೂ ಇಲ್ಲ. ಈ ಹೆಚ್ಚುಕಡಿಮೆಯನ್ನು ಸರಿದೂಗಿಸಿ, ಸರಿದೂಗಿಸಿದ್ದು ಯಾರಿಗೂ ಗೊತ್ತಾಗದಂತೆ ನೋಡಿಕೊಳ್ಳುವುದೇ ಸಹಜ ಮೇಕಪ್. ಗೊತ್ತಾಗಿಬಿಟ್ಟರೆ ಜನ ‘ಏನು, ಮೇಕಪ್ಪಾ?’ ಎನ್ನುತ್ತಾರೆ. ಗೊತ್ತಾಗದಿದ್ದರೆ ‘ರಾತ್ರಿ ಒಳ್ಳೇ ನಿದ್ದೆ ಬಂದಿರಬೇಕು’ ಎನ್ನುತ್ತಾರೆ. ಈ ಎರಡನೆಯ ಮಾತು ಕೇಳುವ ಆಸೆಗೆ ಮುಕ್ಕಾಲು ಗಂಟೆ ನಿದ್ದೆ ಬಿಟ್ಟು ಏಳುವವರಿದ್ದಾರೆ.

ಮೊದಲು ಮುಖ ತೊಳೆದು ಮಾಯಿಶ್ಚರೈಸರ್ ಹಚ್ಚಬೇಕು. ಎಣ್ಣೆ ಚರ್ಮದವರಿಗೂ ಇದರಿಂದ ವಿನಾಯಿತಿಯಿಲ್ಲ, ಅವರು ತೆಳುವಾದ ಜೆಲ್ ಆರಿಸಿಕೊಂಡರೆ ಸಾಕು. ಹಗಲು ಹೊತ್ತಾದರೆ ಅದರ ಮೇಲೆ ಸನ್‌ಸ್ಕ್ರೀನ್. ಎಸ್‌ಪಿಎಫ್ 30 ಎಂದು ಬರೆದದ್ದು ಯುವಿಬಿ ಕಿರಣಗಳಲ್ಲಿ ಸುಮಾರು ಶೇ. 97ರಷ್ಟನ್ನು ತಡೆಯುತ್ತದೆ, ಆದರೆ ಪರೀಕ್ಷೆ ಮಾಡುವಾಗ ಹಚ್ಚುವಷ್ಟು ದಪ್ಪ ಹಚ್ಚಿದರೆ ಮಾತ್ರ. ಮುಖಕ್ಕೂ ಕುತ್ತಿಗೆಗೂ ಸೇರಿ ಎರಡು ಬೆರಳುದ್ದ ಬೇಕು. ಟ್ಯೂಬಿನ ಬೆಲೆ ನೋಡಿದವರು ಕಡಲೆಕಾಳಿನಷ್ಟು ಹಿಂಡಿ, ಬಿಸಿಲನ್ನು ಗೆದ್ದೆವೆಂದು ಹೊರಡುತ್ತಾರೆ. ಒಂದೊಂದು ಪದರಕ್ಕೂ ಆರಲು ಕೆಲವು ನಿಮಿಷ ಬಿಡಬೇಕೆಂದು ಎಲ್ಲ ಪುಸ್ತಕಗಳೂ ಹೇಳುತ್ತವೆ. ಹೊರಗೆ ಸ್ಕೂಟರ್ ಸ್ಟಾರ್ಟ್ ಮಾಡಿಕೊಂಡು ನಿಂತ ಗಂಡನ ಹಾರ್ನಿಗೆ ಆ ಪುಸ್ತಕಗಳಲ್ಲಿ ಉತ್ತರವಿಲ್ಲ. ಕಾಯದೆ ಬಳಿದ ಫೌಂಡೇಶನ್ ಕೆಳಗಿನ ಕ್ರೀಮಿನೊಂದಿಗೆ ಸೇರಿ, ಬೆರಳು ಆಡಿಸಿದಲ್ಲೆಲ್ಲ ಸಣ್ಣ ಸಣ್ಣ ಬತ್ತಿಯಾಗಿ ಉರುಳಿ ಬರುತ್ತದೆ. ಸಿಲಿಕೋನ್ ಆಧಾರದ ಪ್ರೈಮರ್ ಮೇಲೆ ನೀರಿನ ಆಧಾರದ ಫೌಂಡೇಶನ್ ಬಿದ್ದಾಗಲೂ ಇದೇ ಗತಿ. ಆಗ ಇರುವ ದಾರಿ ಒಂದೇ: ಎಲ್ಲ ತೊಳೆದು ಮತ್ತೆ ಮೊದಲಿನಿಂದ ಶುರುಮಾಡುವುದು. ಹಾರ್ನ್ ಕೂಡ ಮತ್ತೆ ಮೊದಲಿನಿಂದ ಶುರುವಾಗುತ್ತದೆ.

ಫೌಂಡೇಶನ್ನಿನಲ್ಲಿರುವ ಬಣ್ಣದ ಸಾಮಾನು ಬಹಳವಿಲ್ಲ. ಕೆಂಪು, ಹಳದಿ, ಕಪ್ಪು ಎಂಬ ಮೂರು ಬಗೆಯ ಐರನ್ ಆಕ್ಸೈಡ್, ಜೊತೆಗೆ ಬಿಳಿಗೆ ಟೈಟಾನಿಯಂ ಡೈಆಕ್ಸೈಡ್. ಹಳೇ ಮನೆಗಳಲ್ಲಿ ತಲೆಮಾರುಗಟ್ಟಲೆ ಒರೆಸಿ ಒರೆಸಿ ಹೊಳಪು ಬಂದ ರೆಡ್ ಆಕ್ಸೈಡ್ ನೆಲಕ್ಕೂ ಸಾವಿರಾರು ರೂಪಾಯಿಯ ಗಾಜಿನ ಬಾಟಲಿಗೂ ಹೀಗೆ ಹತ್ತಿರದ ನೆಂಟಸ್ತಿಕೆ. ನಾಲ್ಕನ್ನೂ ಬೇರೆ ಬೇರೆ ಪ್ರಮಾಣದಲ್ಲಿ ಬೆರೆಸಿದರೆ ಮನುಷ್ಯರ ಬಣ್ಣಗಳೆಲ್ಲ ಬರುತ್ತವೆ. ಒಂದೇ ಕಂದು ಬಣ್ಣದ ಇಬ್ಬರಲ್ಲಿ ಒಬ್ಬರ ಚರ್ಮದಡಿ ಹಳದಿ ಛಾಯೆ, ಇನ್ನೊಬ್ಬರಲ್ಲಿ ಕೆಂಪು ಛಾಯೆ ಇರುತ್ತದೆ. ಇದಕ್ಕೆ ಅಂಡರ್‌ಟೋನ್ ಎನ್ನುತ್ತಾರೆ. ಮಣಿಕಟ್ಟಿನ ನರ ನೀಲಿಯೋ ಹಸಿರೋ ನೋಡಿ ಅದನ್ನು ತಿಳಿಯಬಹುದೆಂಬ ಸಲಹೆ ಎಲ್ಲೆಡೆ ಸಿಗುತ್ತದೆ. ಕಂದು ಚರ್ಮದಲ್ಲಿ ನರ ಕಂಡರೆ ತಾನೆ ಅದರ ಬಣ್ಣದ ಪ್ರಶ್ನೆ.

ಆದ್ದರಿಂದ ಶೇಡ್ ಪರೀಕ್ಷೆಗೆ ತಕ್ಕ ಜಾಗ ಕೈಯಲ್ಲ, ದವಡೆ. ಕೆನ್ನೆಯಿಂದ ಕುತ್ತಿಗೆಯ ಕಡೆಗೆ, ಹತ್ತಿರ ಹತ್ತಿರದ ಮೂರು ಶೇಡುಗಳನ್ನು ಮೂರು ಗೆರೆಯಾಗಿ ಎಳೆಯಬೇಕು. ಕಾಣದೆ ಹೋದ ಗೆರೆ ಸರಿಯಾದ ಶೇಡ್. ನೋಡಬೇಕಾದದ್ದು ಹಗಲ ಬೆಳಕಿನಲ್ಲಿ, ಏಕೆಂದರೆ ಅಂಗಡಿಯ ಹಳದಿ ದೀಪದಡಿ ಎಲ್ಲ ಶೇಡೂ ಎಲ್ಲರಿಗೂ ಹೊಂದುತ್ತದೆ. ಜೊತೆಗೆ ಕೆಲವು ಫೌಂಡೇಶನ್‌ಗಳು ಆರಿದ ಮೇಲೆ ತುಸು ಕಪ್ಪಾಗುವುದರಿಂದ ಹತ್ತು ನಿಮಿಷವಾದರೂ ಕಾಯಬೇಕು. ಅಂದರೆ ಕೊಳ್ಳಬಂದಾಕೆ ದವಡೆಯ ಮೇಲೆ ಮೂರು ಪಟ್ಟೆ ಹೊತ್ತು, ಉದಾಹರಣೆಗೆ ಮಲ್ಲೇಶ್ವರದ 8ನೇ ಅಡ್ಡರಸ್ತೆಯಲ್ಲಿ, ಸಂಜೆ ನಾಲ್ಕೂವರೆಗೆ, ಹೂವಿನವಳಿಗೂ ಕಡಲೆಕಾಯಿ ಗಾಡಿಗೂ ನಡುವೆ ಹತ್ತು ನಿಮಿಷ ನಿಲ್ಲಬೇಕು.

ಈ ಹತ್ತು ನಿಮಿಷದ ಬಗ್ಗೆ ಸೌಂದರ್ಯಶಾಸ್ತ್ರದ ಪುಸ್ತಕಗಳು ಮೌನವಾಗಿವೆ. ಪರ್ಸಿನ ಕನ್ನಡಿ ಮನೆಯಲ್ಲಿರುತ್ತದೆ. ಮೊಬೈಲ್ ಕ್ಯಾಮೆರಾವನ್ನು ನಂಬುವ ಹಾಗಿಲ್ಲ, ಅದು ಕೇಳದೆಯೇ ಮುಖವನ್ನು ನುಣ್ಣಗೆ ಬೆಳ್ಳಗೆ ಮಾಡಿ ತೋರಿಸುತ್ತದೆ. ಉಳಿಯುವುದು ಅಲ್ಲಿ ನಿಲ್ಲಿಸಿದ ಯಾರದೋ ಸ್ಕೂಟರಿನ ಕನ್ನಡಿ. ಅದು ಉಬ್ಬುಗನ್ನಡಿಯಾದ್ದರಿಂದ ದವಡೆ ಹತ್ತಿರ ಒಯ್ದರೆ ದವಡೆಯೊಂದೇ ಊದಿಕೊಂಡು, ಕಣ್ಣು ಕಿವಿಗಳು ಹಿಂದೆಲ್ಲೋ ನಿಂತಂತೆ ಕಾಣುತ್ತವೆ. ಮೂರು ಗೆರೆಯನ್ನೂ ಒಟ್ಟಿಗೆ ನೋಡಲು ಮಂಡಿ ಬಾಗಿಸಿ, ಕತ್ತು ಎಡಕ್ಕೆ ಹೊರಳಿಸಿ, ಕಣ್ಣನ್ನು ಮಾತ್ರ ಬಲಕ್ಕೆ ತರಬೇಕು. ಈ ಭಂಗಿಯಲ್ಲಿರುವಾಗ ಆಟೋದವನು ವೇಗ ತಗ್ಗಿಸಿ ‘ಎಲ್ಲಿಗೆ ಮೇಡಂ?’ ಎನ್ನುತ್ತಾನೆ. ಬೇರೆ ದಿನ ಕೈ ಬೀಸಿ ಕರೆದರೂ ನಿಲ್ಲದವನು. ಹೂವಿನವಳು ಮೊಳ ಹಾಕುತ್ತಿದ್ದ ಕೈ ಬಿಟ್ಟು ‘ಏನಮ್ಮಾ, ಸುಟ್ಟುಕೊಂಡ್ಯಾ?’ ಎಂದು ಮರುಗುತ್ತಾಳೆ. ಸ್ಕೂಟರಿನ ಯಜಮಾನ ಬಂದು, ಕೀಲಿ ಕೈಯಲ್ಲಿ ಹಿಡಿದು, ಕೇಳಲೋ ಬೇಡವೋ ಎಂದು ಒಂದು ಹೆಜ್ಜೆ ದೂರ ನಿಲ್ಲುತ್ತಾನೆ. ಇಷ್ಟರಲ್ಲಿ ಪರಿಚಯದವರೊಬ್ಬರು ಸಿಗಲೇಬೇಕು. ‘ಏನ್ರೀ, ಇಲ್ಲಿ?’ ‘ಸುಮ್ನೆ, ಹೀಗೇ.’ ಮಾತು ಅತ್ತೆಯವರ ಮಂಡಿನೋವು, ಮಗನ ಸಿಇಟಿ ರ್‍ಯಾಂಕು, ಕಾವೇರಿ ನೀರು ಬಿಡುವ ದಿನ ಎಂದು ಸಾಗುತ್ತದೆ. ಅವರ ಕಣ್ಣು ಮಾತ್ರ ಮೊದಲ ಗೆರೆಯಿಂದ ಮೂರನೆಯದಕ್ಕೆ, ಮೂರನೆಯದರಿಂದ ಮೊದಲಿನದಕ್ಕೆ ಓಡಾಡುತ್ತಿರುತ್ತದೆ. ಅವರು ಕೇಳುವುದಿಲ್ಲ, ಇವರು ಹೇಳುವುದಿಲ್ಲ. ಹೊರಡುವಾಗ ಅವರೇ ‘ನಡುವಿನದು ಪರವಾಗಿಲ್ಲ’ ಎಂದುಬಿಡುತ್ತಾರೆ. ನಡುವಿನದೇ ಸರಿ ಇರುತ್ತದೆ ಎಂಬುದು ಇನ್ನೂ ದೊಡ್ಡ ಅವಮಾನ.

ನಡುವಿನದು ಬೇಕೆಂದು ಒಳಗೆ ಹೋದರೆ ಕೌಂಟರಿನ ಹುಡುಗಿ ಕೇಳುವುದಿಲ್ಲ. ‘ನಿಮ್ಮ ಸ್ಕಿನ್ನಿಗೆ ಇದೇ ಮೇಡಂ, ಆದ್ರೂ ಒಂದು ಶೇಡ್ ಲೈಟ್ ತಗೊಳ್ಳಿ, ಬ್ರೈಟ್ ಕಾಣ್ತೀರ.’ ಈ ಮಾತನ್ನು ಆಕೆ ಎಣ್ಣೆಗೆಂಪಿನವರಿಗೂ ಹೇಳುತ್ತಾಳೆ, ಹಾಲುಬಿಳುಪಿನವರಿಗೂ ಹೇಳುತ್ತಾಳೆ. ತಪ್ಪು ಅವಳದಲ್ಲ. ಗರ್ಭಿಣಿಗೆ ಕೇಸರಿ ಹಾಲು ಕುಡಿಸುವ ಊರು, ಮಗು ಹುಟ್ಟಿದ ಮನೆಯಲ್ಲಿ ಗಂಡೋ ಹೆಣ್ಣೋ ಎಂದ ಮೇಲೆ ‘ಯಾರ ಬಣ್ಣ?’ ಎಂದು ಕೇಳುವ ಊರು ಅವಳ ಹಿಂದೆ ನಿಂತಿದೆ. ಬೊಂಬಾಯಿಯಲ್ಲಿ ಅಫ್ಘಾನ್ ಸ್ನೋ ಎಂಬ ಮುಖದ ಕ್ರೀಮು ತಯಾರಾದದ್ದು 1919ರಲ್ಲಿ. ಫೇರ್ ಅಂಡ್ ಲವ್ಲಿ ಬಂದದ್ದು 1975ರಲ್ಲಿ, ಅದರ ಹೆಸರಿನಿಂದ ‘ಫೇರ್’ ಬಿದ್ದು ‘ಗ್ಲೋ’ ಸೇರಿದ್ದು 2020ರಲ್ಲಿ. ಒಂದು ಪದ ಕದಲಲು 45 ವರ್ಷ ಹಿಡಿಯಿತು. ಅಮೆರಿಕದಲ್ಲಿ ಫೆಂಟಿ ಬ್ಯೂಟಿ ಎಂಬ ಕಂಪನಿ 2017ರಲ್ಲಿ ಒಂದೇ ಸಲಕ್ಕೆ ಫೌಂಡೇಶನ್ನಿನ 40 ಶೇಡ್ ಬಿಡುಗಡೆ ಮಾಡಿದಾಗ ಅದು ಸುದ್ದಿಯಾಯಿತು. ಅಷ್ಟು ಬಣ್ಣದ ಮನುಷ್ಯರು ಅದಕ್ಕೂ ಮೊದಲೇ ಇದ್ದರು. ಮದುಮಗಳಾಗಿ ಹಸೆಮಣೆಯ ಮೇಲೆ ಕೂತಾಗಲೂ ಸ್ವಂತ ಬಣ್ಣ ಹಾಕಿಕೊಳ್ಳಲು ಅನುಮತಿ ಸಿಗದ ಹೆಣ್ಣುಮಕ್ಕಳ ಫೋಟೋ ಆಲ್ಬಂಗಳು ಈ ನಾಡಿನ ಅಟ್ಟಗಳಲ್ಲಿ ಎಷ್ಟೋ ಇವೆ. ಮುಖ ಒಬ್ಬಳದು, ಮೆಹಂದಿಯ ಕೈ ಇನ್ನೊಬ್ಬಳದು ಎಂಬಂತೆ.

ಶಾಸ್ತ್ರದ ದೃಷ್ಟಿಯಿಂದಲೂ ಒಂದು ಶೇಡ್ ಲೈಟ್ ಕೆಲಸ ಕೆಡಿಸುತ್ತದೆ. ತಿಳಿ ಶೇಡಿನಲ್ಲಿ ಟೈಟಾನಿಯಂ ಡೈಆಕ್ಸೈಡಿನ ಬಿಳಿ ಹೆಚ್ಚು. ಅದು ಕಂದು ಚರ್ಮದ ಮೇಲೆ ಬೆಳ್ಳಗೆ ಕಾಣದೆ ಬೂದಿ ಬಳಿದ ಹಾಗೆ ಕಾಣುತ್ತದೆ.

ಹಚ್ಚುವ ಕ್ರಮ ಸುಲಭ. ಸ್ಪಂಜನ್ನು ನೀರಲ್ಲಿ ನೆನೆಸಿ ಚೆನ್ನಾಗಿ ಹಿಂಡಬೇಕು, ಒಣ ಸ್ಪಂಜು ಫೌಂಡೇಶನ್ನನ್ನು ತಾನೇ ಕುಡಿದುಬಿಡುತ್ತದೆ. ಮೂಗಿನ ಅಕ್ಕಪಕ್ಕ, ಗಲ್ಲ, ಹಣೆಯ ನಡುವೆ ಒಂದೊಂದು ಚುಕ್ಕೆ ಇಟ್ಟು ಅಂಚಿನ ಕಡೆಗೆ ತಟ್ಟುತ್ತ ಹೋಗಬೇಕು. ತಿಕ್ಕಬಾರದು. ತಿಕ್ಕಿದರೆ ಗೆರೆ ಬೀಳುತ್ತದೆ. ಬಣ್ಣದ ವ್ಯತ್ಯಾಸ ಹೆಚ್ಚಾಗಿ ಮುಖದ ನಡುವೆ ಇರುವುದರಿಂದ ಅಂಚಿಗೆ ಹೋಗುವಷ್ಟರಲ್ಲಿ ಏನೂ ಉಳಿಯದಿದ್ದರೂ ನಷ್ಟವಿಲ್ಲ. ಕಿವಿಯನ್ನು ಮರೆಯುವವರು ಬಹಳ. ಅಷ್ಟೆಲ್ಲ ಮಾಡಿದ ಮುಖದ ಎರಡು ಪಕ್ಕದಲ್ಲಿ ನಿಜವನ್ನು ನುಡಿಯುತ್ತ ಎರಡು ಕಿವಿ ನಿಂತಿರುತ್ತವೆ.

ಕಣ್ಣಿನ ಕೆಳಗಿನ ಕಪ್ಪಿಗೆ ಬರೀ ಕನ್ಸೀಲರ್ ಸಾಲದು. ನೀಲಿಗೆ ಎದುರು ಬಣ್ಣ ಕಿತ್ತಳೆಯಾದ್ದರಿಂದ ಮೊದಲು ಕಿತ್ತಳೆ ಕರೆಕ್ಟರನ್ನು ತೆಳ್ಳಗೆ ಲೇಪಿಸಿ ಅದರ ಮೇಲೆ ಚರ್ಮದ ಬಣ್ಣದ ಕನ್ಸೀಲರ್ ತಟ್ಟಬೇಕು. ಈ ಎರಡು ಹಂತಗಳ ನಡುವೆ ಬಾಗಿಲ ಬೆಲ್ ಆದರೆ ತೆಗೆಯದಿರುವುದು ಕ್ಷೇಮ, ಕೊರಿಯರ್ ಹುಡುಗ ಹೆದರುತ್ತಾನೆ. ಬಂಗು, ಮೊಡವೆಯ ಕಲೆಗಳಿಗೆ ಉಂಗುರದ ಬೆರಳಿನ ತುದಿಯಿಂದ ಕಲೆಯಿದ್ದಲ್ಲಿ ಮಾತ್ರ ಕನ್ಸೀಲರ್ ಇಡಬೇಕು. ಆಮೇಲೆ ಪೌಡರ್, ಅದೂ ಮೂಗು, ಹಣೆ, ಗಲ್ಲ ಇಷ್ಟಕ್ಕೇ. ಡಬ್ಬಿ ಕವುಚಿ ಕುತ್ತಿಗೆವರೆಗೆ ಮೆತ್ತಿಕೊಳ್ಳುವುದು ಹಿಂದಿನ ತಲೆಮಾರಿನ ಪದ್ಧತಿ. ಸಿಲಿಕಾ ಇರುವ ಬಿಳಿ ಪುಡಿ ಕಣ್ಣಿಗೆ ಕಾಣದಿದ್ದರೂ ಕ್ಯಾಮೆರಾ ಫ್ಲ್ಯಾಶಿಗೆ ಬೆಳಕನ್ನು ವಾಪಸು ಎಸೆಯುತ್ತದೆ. ಆರತಕ್ಷತೆಗೆ ಹೊರಡುವ ಮುಂಚೆ ಮನೆಯಲ್ಲೇ ಒಂದು ಫ್ಲ್ಯಾಶ್ ಫೋಟೋ ತೆಗೆದು ನೋಡಿದರೆ ವಿಷಯ ತಿಳಿಯುತ್ತದೆ.

ಬಿಂದಿಯ ಸಮಸ್ಯೆಯನ್ನು ವಿದೇಶಿ ಪುಸ್ತಕಗಳು ಎತ್ತುವುದೇ ಇಲ್ಲ. ಫೌಂಡೇಶನ್ ಮೇಲೆ ಸ್ಟಿಕ್ಕರ್ ನಿಲ್ಲದು. ಬೆವರು ಬಂದರೆ ಹುಬ್ಬಿನ ನಡುವಿಂದ ಹೊರಟು ಮೂಗಿನ ಮೇಲೆ ಇಳಿಯುತ್ತದೆ, ಆಮೇಲೆ ಬಡಿಸಿದ ಎಲೆಯ ಮೇಲೆ. ಬಿಂದಿ ಇಡುವ ಜಾಗವನ್ನು ಒದ್ದೆ ಬಟ್ಟೆಯ ತುದಿಯಿಂದ ಒರೆಸಿ, ಒಣಗಿಸಿ, ಆಮೇಲೆ ಒತ್ತಬೇಕು.

ರಾತ್ರಿ ಎಷ್ಟೇ ಸುಸ್ತಾಗಿದ್ದರೂ ಇದೆಲ್ಲ ತೆಗೆದೇ ಮಲಗಬೇಕು. ಎಣ್ಣೆ ಆಧಾರದ ಕ್ಲೆನ್ಸರ್ ಮೊದಲು, ಫೇಸ್‌ವಾಶ್ ಆಮೇಲೆ. ಕೊಬ್ಬರಿ ಎಣ್ಣೆಯೂ ಬಣ್ಣ ಬಿಡಿಸುತ್ತದೆ, ಆದರೆ ಮೊಡವೆ ಏಳುವ ಚರ್ಮದವರು ಅದರ ತಂಟೆಗೆ ಹೋಗದಿದ್ದರೆ ಒಳ್ಳೆಯದು. ಸ್ಪಂಜನ್ನು ಸೋಪಿನಲ್ಲಿ ತೊಳೆದು ಗಾಳಿಯಾಡುವಲ್ಲಿ ಒಣಗಿಸಬೇಕು, ಒದ್ದೆಯಾಗಿಯೇ ಡಬ್ಬಿಗೆ ಹಾಕಿದರೆ ಬೂಷ್ಟು ಹಿಡಿಯುತ್ತದೆ. ಬಾಟಲಿಯ ಹಿಂದೆ ಮುಚ್ಚಳ ತೆರೆದ ಡಬ್ಬಿಯ ಚಿತ್ರದಲ್ಲಿ 12ಎಂ ಎಂದಿದ್ದರೆ, ತೆರೆದ ಮೇಲೆ ಹನ್ನೆರಡು ತಿಂಗಳೊಳಗೆ ಮುಗಿಸಬೇಕೆಂದು ಅರ್ಥ. ಮದುವೆಗೆಂದು ಕೊಂಡ ಫೌಂಡೇಶನ್ ಮಗುವಿನ ಅಕ್ಷರಾಭ್ಯಾಸದವರೆಗೆ ಬಾಳಿಕೆ ಬರುವ ಮನೆಗಳಿವೆ. ಎಣ್ಣೆ ಬೇರೆಯಾಗಿ ಮೇಲೆ ನಿಂತಿದ್ದರೆ, ವಾಸನೆ ಬದಲಾಗಿದ್ದರೆ, ತಳದಲ್ಲಿ ಎಷ್ಟೇ ಉಳಿದಿದ್ದರೂ ಅದನ್ನು ಬಿಸಾಡಬೇಕು. ನಾದಿನಿಗೆ ಕೊಡುವಂತಿಲ್ಲ.