ಪುಸ್ತಕ ನೋಡಿ ಕುಣಿಯುವುದು

ಈಜು, ಸೈಕಲ್ಲು, ಕುಣಿತ ಈ ಮೂರನ್ನೂ ಪುಸ್ತಕ ಓದಿಯೇ ಕಲಿಯಬಹುದೆಂದು ನಂಬಿದವನು ನಾನು. ಈಜಿನ ಪುಸ್ತಕ ಇವತ್ತಿಗೂ ಒದ್ದೆಯಾಗಿಲ್ಲ. ಹಾಗಾಗಿ ಯುರೋಪಿನವರು ಐದು ಶತಮಾನಗಳಿಂದ ಕುಣಿತದ ಕೈಪಿಡಿಗಳನ್ನು ಬರೆಯುತ್ತ, ಕೊಳ್ಳುತ್ತ ಬಂದಿದ್ದಾರೆಂದು ತಿಳಿದಾಗ, ಸದ್ಯ, ನಮ್ಮ ಪೈಕಿಯವರು ಅಲ್ಲೂ ಇದ್ದಾರಲ್ಲ ಅನ್ನಿಸಿತು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಇಂಥ ಇನ್ನೂರಕ್ಕೂ ಹೆಚ್ಚು ಪುಸ್ತಕಗಳನ್ನು ಸ್ಕ್ಯಾನ್ ಮಾಡಿ ಇಟ್ಟಿದೆ. ಮಲಗಿಕೊಂಡೇ ಓದಬಹುದು. ನಾನು ಬಹುಪಾಲು ಹಾಗೇ ಓದಿದ್ದು.

ಇವುಗಳಲ್ಲಿ ನನಗೆ ತೀರಾ ಹಿಡಿಸಿದ್ದು ಫ್ರಾನ್ಸಿನ ಲಾಂಗ್ರ ಎಂಬ ಊರಿನ ಪಾದ್ರಿಯೊಬ್ಬರ ಪುಸ್ತಕ. ಹೌದು, ಪಾದ್ರಿಯೇ. ಹೆಸರು ಝಾನ್ ತಾಬೂರೊ. ಪುಸ್ತಕದ ಮೇಲೆ ಮಾತ್ರ ಆ ಹೆಸರಿನ ಅಕ್ಷರಗಳನ್ನೇ ಹಿಂದೆ ಮುಂದೆ ಮಾಡಿ ತ್ವಾನೊ ಆರ್ಬೊ ಎಂದು ಹಾಕಿಕೊಂಡರು. ‘ಓರ್ಕೆಸೊಗ್ರಫಿ’ 1589ರಲ್ಲಿ ಅಚ್ಚಾದಾಗ ಅವರು ಎಪ್ಪತ್ತರ ಆಸುಪಾಸಿನಲ್ಲಿದ್ದರು. ಆ ವಯಸ್ಸಿನಲ್ಲಿ ನಮ್ಮ ಕಡೆ ಮೊಣಕಾಲಿಗೆ ಎಣ್ಣೆ ತಿಕ್ಕಿಸಿಕೊಂಡು ಕೂರುತ್ತೇವೆ. ಪುಸ್ತಕವೆಲ್ಲ ಗುರುಶಿಷ್ಯರ ಸಂವಾದ. ಶಿಷ್ಯನ ಹೆಸರು ಕಾಪ್ರಿಯೋಲ್, ಕಾನೂನು ಓದಿದ ಹುಡುಗ. ಕತ್ತಿವರಸೆ ಬರುತ್ತದೆ, ಚೆಂಡಾಟ ಬರುತ್ತದೆ, ಗಂಡಸರ ನಡುವೆ ಹೇಗೋ ನಡೆದುಹೋಗುತ್ತದೆ. ಹುಡುಗಿಯರ ಮುಂದೆ ಮಾತ್ರ ಕುಣಿತ ಬಾರದೆ ಮಾನ ಹೋಗುತ್ತದೆ ಎಂಬುದು ಅವನ ಅಳಲು. ಗುರುಗಳು ಬೈಯುವುದಿಲ್ಲ. ಕುಣಿಯುವಾಗ ಗಂಡುಹೆಣ್ಣು ಒಬ್ಬರನ್ನೊಬ್ಬರು ಪರೀಕ್ಷಿಸಿಕೊಳ್ಳಬಹುದು, ಕೈಕಾಲು ನೆಟ್ಟಗಿವೆಯೇ ನೋಡಬಹುದು, ಕೊನೆಗೊಂದು ಮುತ್ತು ಕೊಡುವ ನೆಪದಲ್ಲಿ ಬಾಯಿ ವಾಸನೆಯನ್ನೂ ತಿಳಿಯಬಹುದು ಎಂದು ಕುಣಿತದ ಉಪಯೋಗಗಳನ್ನು ವಿವರಿಸುತ್ತಾರೆ. ನಮ್ಮ ಹೆಣ್ಣು ನೋಡುವ ಶಾಸ್ತ್ರದಲ್ಲೂ ಹುಡುಗಿಯನ್ನು ನಡೆಸಿ, ಹಾಡಿಸಿ ನೋಡುತ್ತಿದ್ದರಷ್ಟೆ. ಆದರೆ ಉಪ್ಪಿಟ್ಟು ತಿನ್ನುತ್ತ ಕೂತ ಗಂಡಿನ ಬಾಯಿ ವಾಸನೆಯನ್ನು ಯಾರೂ ಪರೀಕ್ಷಿಸಿದ್ದು ನಾನರಿಯೆ. ಆ ಮಟ್ಟಿಗೆ ಪಾದ್ರಿಗಳದ್ದು ಸಮಪಾಲು.

ಉಗುಳಬೇಡ, ಮೂಗು ಸೀಟಬೇಡ, ಸೀಟಲೇಬೇಕಾದರೆ ಅತ್ತ ತಿರುಗಿ ಮಡಿ ಕರವಸ್ತ್ರ ಬಳಸು ಎಂಬ ಬುದ್ಧಿಮಾತೂ ಉಂಟು. ಲಾ ವೋಲ್ಟಾ ಎಂಬ ಕುಣಿತವೊಂದಿದೆ. ಅದರಲ್ಲಿ ಗಂಡು ಹೆಣ್ಣನ್ನು ಸೊಂಟ ಹಿಡಿದು, ತೊಡೆಯ ಆಸರೆ ಕೊಟ್ಟು, ಮೇಲಕ್ಕೆತ್ತಿ ತಿರುಗಿಸಬೇಕು. ಲಂಗ ಹಾರದಂತೆ ಅವಳು ಒಂದು ಕೈಯಲ್ಲಿ ಅದುಮಿ ಹಿಡಿದಿರಬೇಕು. ಯಾವ ಕೈ ಎಲ್ಲಿ, ಯಾವ ತೊಡೆ ಎಲ್ಲಿ ಎಂದು ಒಂದನ್ನೂ ಬಿಡದೆ ಹೇಳಿದ ಮೇಲೆ, ಇದು ಮರ್ಯಾದಸ್ಥ ಹುಡುಗಿಗೆ ತಕ್ಕದ್ದೇ ನೀನೇ ಯೋಚಿಸು, ತಲೆ ಬೇರೆ ಸುತ್ತುತ್ತದೆ ಎಂದು ಗುರುಗಳು ಕೈ ತೊಳೆದುಕೊಳ್ಳುತ್ತಾರೆ. ಇಂಥ ಮೇಷ್ಟರು ನನಗೆ ಸಿಗಲಿಲ್ಲ.

ವಕೀಲರಿಗೂ ಕುಣಿತಕ್ಕೂ ಏನು ನಂಟೋ ಕಾಣೆ. ಇಂಗ್ಲೆಂಡಿನಲ್ಲಿ ರಾಜನ ತಲೆ ತೆಗೆದು, ನಾಟಕಶಾಲೆಗಳಿಗೆ ಬೀಗ ಜಡಿದಿದ್ದ ಕಾಲದಲ್ಲಿ, 1651ರಲ್ಲಿ, ಜಾನ್ ಪ್ಲೇಫರ್ಡ್ ಎಂಬ ಪುಸ್ತಕ ವ್ಯಾಪಾರಿ ನೂರಕ್ಕೂ ಮಿಕ್ಕಿದ ಹಳ್ಳಿಗಾಡಿನ ಕುಣಿತಗಳ ಪುಸ್ತಕ ತಂದ. ಅವನ ಅಂಗಡಿ ಇದ್ದದ್ದು ಲಂಡನ್ನಿನ ವಕೀಲರ ಬೀಡಾದ ಇನ್ನರ್ ಟೆಂಪಲಿನಲ್ಲಿ, ಅದೂ ಇಗರ್ಜಿಯ ಬಾಗಿಲ ಪಕ್ಕದಲ್ಲೇ. ಕಕ್ಷಿದಾರರನ್ನು ಕುಣಿಸಿ ಸಾಲದೆ ತಾವೂ ಕುಣಿಯುತ್ತಿದ್ದರೋ ಏನೋ. ಪುಸ್ತಕವಂತೂ ಎಪ್ಪತ್ತು ವರ್ಷಕ್ಕೂ ಮೀರಿ ಮತ್ತೆ ಮತ್ತೆ ಅಚ್ಚಾಯಿತು.

ಕುಣಿತವನ್ನು ಮಾತಿನಲ್ಲಿ ಹೇಳುವುದು ಕಷ್ಟವೆಂದು ಕಂಡುಕೊಂಡವರು ಮತ್ತೆ ಫ್ರೆಂಚರೇ. ಪ್ಯಾರಿಸಿನಲ್ಲಿ 1700ರಲ್ಲಿ ರಾವುಲ್ ಓಜೆ ಫೊಯೆ ಎಂಬಾತ ಹೆಜ್ಜೆಗಳನ್ನು ಗೆರೆಗಳಾಗಿ ಬರೆಯುವ ಲಿಪಿಯನ್ನೇ ಅಚ್ಚು ಹಾಕಿಸಿದ. ಪುಟವೇ ಕೋಣೆ, ಪುಟದ ಮೇಲ್ತುದಿ ದೊರೆ ಕೂತಿರುವ ದಿಕ್ಕು. ನೀವು ಸಾಗುವ ದಾರಿ ಉದ್ದ ಗೆರೆ. ಅದರ ಅಕ್ಕಪಕ್ಕ ಪಾದದ ಗುರುತು, ಬಗ್ಗಿದರೆ ಒಂದು ಕಡ್ಡಿ, ಹಾರಿದರೆ ಇನ್ನೊಂದು. ಇದು ನನ್ನ ಲಿಪಿ ಎಂದು ಹದಿನಾಲ್ಕನೆಯ ಲೂಯಿಯ ನೃತ್ಯಗುರು ಬೋಶಾಂ ಜಗಳಕ್ಕೆ ನಿಂತ. ಆ ಜಗಳ ಅವರವರೇ ನೋಡಿಕೊಂಡಿದ್ದಾರೆ, ಬಿಡಿ. ನನ್ನ ಕುತೂಹಲ ಕೆರಳಿದ್ದು ಪುಸ್ತಕವನ್ನು ಹಿಡಿದುಕೊಳ್ಳುವುದು ಹೇಗೆ ಎಂಬ ಪಾಠದಿಂದ. ಕುಣಿಯುವವನು ಎತ್ತ ತಿರುಗಿದರೂ ಪುಟದ ಮೇಲ್ತುದಿ ಮಾತ್ರ ದೊರೆಯ ದಿಕ್ಕಿಗೇ ಇರಬೇಕು. ಅಂದರೆ ನಾವು ಸುತ್ತಬೇಕು, ಪುಸ್ತಕ ಸುತ್ತಬಾರದು.

ಒಂದು ಮಧ್ಯಾಹ್ನ ನಾಲ್ಕು ಪುಟ ಪ್ರಿಂಟ್ ತೆಗೆದು, ಟೀಪಾಯಿ ಸರಿಸಿ, ಟಿವಿಯನ್ನು ದೊರೆಯ ಸ್ಥಾನದಲ್ಲಿ ಕೂರಿಸಿ ಶುರುಮಾಡಿದೆ. ಫೊಯೆಯ ಕಾಲದಲ್ಲಿ ಪ್ರೋಗ್ರೆಸಿವ್ ಕನ್ನಡಕ ಇರಲಿಲ್ಲ ಎನ್ನುವುದು ನನಗೆ ಹೊಳೆದಿರಲಿಲ್ಲ. ಗಾಜಿನ ಕೆಳಭಾಗದಲ್ಲಿ ಪುಟ ಸ್ಪಷ್ಟ. ಅದೇ ಕೆಳಭಾಗದಲ್ಲಿ ಪಾದ ಮಂಜು. ಪಾದ ಕಾಣಲೆಂದು ಗದ್ದವನ್ನು ಎದೆಗೆ ಒತ್ತಿದರೆ ದೊರೆಗೆ ನನ್ನ ಬಕ್ಕತಲೆಯ ದರ್ಶನ. ಕೈ ಅದಲುಬದಲು ಮಾಡುತ್ತ ಒಂದು ಸುತ್ತು ತಿರುಗಿ ಹಾರುವಷ್ಟರಲ್ಲಿ ಕೆಳಮನೆಯವರು ಮೇಲೆ ಬಂದರು.

“ಸಾರ್, ಏನಾದ್ರೂ ಬಿತ್ತಾ?”

“ಇನ್ನೂ ಇಲ್ಲ,” ಅಂದಳು ನನ್ನಾಕೆ.

ಹತ್ತೊಂಬತ್ತನೆಯ ಶತಮಾನದ ಪುಸ್ತಕಗಳನ್ನು ನಾನು ಬೇಗ ಮುಗಿಸಿದೆ. ಅಲ್ಲಿ ಕಾಲಿಗಿಂತ ಕೈಗವಸಿನದೇ ಕಾರುಬಾರು. ಆಮೇಲೆ ಬಂದವರು ವರ್ನನ್ ಮತ್ತು ಐರಿನ್ ಕ್ಯಾಸಲ್ ದಂಪತಿ. ಟರ್ಕಿ ಕೋಳಿ, ಕರಡಿಗಳ ಹೆಸರಿನ ಕುಣಿತಗಳು ಅಮೆರಿಕವನ್ನು ಹುಚ್ಚೆಬ್ಬಿಸಿದ್ದಾಗ ಅವರು 1914ರಲ್ಲಿ ಸಭ್ಯ ಕುಣಿತದ ಪುಸ್ತಕ ಬರೆದರು. ಭುಜ ಕುಣಿಸಬೇಡಿ, ಸೊಂಟ ಅಲ್ಲಾಡಿಸಬೇಡಿ, ಮೊಣಕೈ ಎಸೆಯಬೇಡಿ, ಕುಪ್ಪಳಿಸಬೇಡಿ. ಇಷ್ಟನ್ನೂ ಕಳೆದರೆ ನಮ್ಮ ಗಣಪತಿ ಬಿಡುವ ಮೆರವಣಿಗೆಯಲ್ಲಿ ತಮಟೆಯವರೊಬ್ಬರೇ ಉಳಿಯುತ್ತಾರೆ.

ಇಷ್ಟು ಪುಸ್ತಕಗಳನ್ನು ಯಾರು ಕೊಳ್ಳುತ್ತಿದ್ದರು? ಚೆನ್ನಾಗಿ ಕುಣಿಯುವವರಿಗೆ ಇವು ಬೇಡ. ಮೇಷ್ಟರ ಎದುರು ಎಡವಲು ನಾಚುವವರು ಬಾಗಿಲು ಹಾಕಿಕೊಂಡು ಎಡವಲೆಂದು ಕೊಳ್ಳುತ್ತಿದ್ದರು ಎಂದು ನನ್ನ ಗುಮಾನಿ. ಪುಸ್ತಕ ನಗುವುದಿಲ್ಲವಲ್ಲ! ಈ ಗುಟ್ಟು ಅಮೆರಿಕದ ಕುಣಿತದ ಮೇಷ್ಟರು ಆರ್ಥರ್ ಮರ್ರೆಗೆ ಚೆನ್ನಾಗಿ ತಿಳಿದಿತ್ತು. 1920ರ ದಶಕದಲ್ಲಿ ಆತ ಅಂಚೆಯಲ್ಲೇ ಕುಣಿತ ಕಲಿಸಿದ. ಪಾದದಾಕಾರದ ಕಾಗದಗಳನ್ನು ನೆಲದ ಮೇಲೆ ಹರಡಿ ಅವುಗಳ ಮೇಲೆ ಹೆಜ್ಜೆ ಇಡುವುದು, ಅಷ್ಟೆ. ನಮ್ಮ ಮನೆಯಲ್ಲಾದರೆ ಫ್ಯಾನ್ ಹಾಕಿದ ಕೂಡಲೇ ಎಡಗಾಲು ಅಡುಗೆಮನೆಗೂ ಬಲಗಾಲು ದಿವಾನದ ಕೆಳಕ್ಕೂ ಹೋಗುತ್ತಿತ್ತು.

ಇಂಥ ಕೈಪಿಡಿಗಳ ಹೆಜ್ಜೆನಕ್ಷೆಗಳನ್ನೇ ಚಿತ್ರಕಾರ ಆಂಡಿ ವಾರ್ಹಾಲ್ 1962ರಲ್ಲಿ ದೊಡ್ಡ ಕ್ಯಾನ್ವಾಸುಗಳ ಮೇಲೆ ಬರೆದು, ಗೋಡೆಗೆ ತೂಗುಹಾಕದೆ ನೆಲದ ಮೇಲೆ ಮಲಗಿಸಿ ಪ್ರದರ್ಶಿಸಿದ. ಒಂದು, ಎರಡು, ಮೂರು ಎಂದು ಅಂಕಿ ಹಾಕಿದ ಪಾದಗಳು, ಬಾಣದ ಗುರುತು, ಎಲ್ಲವೂ ಸೊಗಸಾಗಿ ಎದ್ದು ಕಾಣುತ್ತವೆ, ನನ್ನ ಕನ್ನಡಕಕ್ಕೂ. ಈಗ ಅವು ಕೋಟಿಗಟ್ಟಲೆ ಬಾಳುವ ಚಿತ್ರಗಳು. ಅವುಗಳ ಮೇಲೆ ಕಾಲಿಟ್ಟು ಕಲಿಯಿರಿ ಎಂದು ಯಾರೂ ನನ್ನನ್ನು ಕರೆಯುವ ಭಯವಿಲ್ಲ.