ಪಿಸ್ಟನ್ ಕೋವಿಯೂ ಹಂಗಳದ ಹಂದಿಯೂ

ಗುಂಡ್ಲುಪೇಟೆ ಕಡೆ ತರಕಾರಿ ಬೆಲೆ ಬಿದ್ದಾಗ ಜನ ರಾಜಕೀಯ ಮಾತಾಡುತ್ತಾರೆ. ಬೆಲೆ ಏರಿದಾಗ ಹಂದಿಯ ಮಾತಾಡುತ್ತಾರೆ. ಬೆಲೆಯಿಲ್ಲದ ಬೆಳೆಯನ್ನು ಹಂದಿ ಮೇಯ್ದರೆ ಕೊಯ್ಲಿನ ಕೂಲಿಯಾದರೂ ಉಳಿಯಿತು ಎಂದುಕೊಳ್ಳಬಹುದು. ಬೆಲೆಯಿದ್ದ ವರ್ಷ ಮೇಯ್ದರೆ ಮಾತ್ರ ರಕ್ತ ಕುದಿಯುತ್ತದೆ. ಹಾಗೆ ಕುದಿದ ರಕ್ತದ ಆವಿಯಲ್ಲೇ ನಮ್ಮ ಭಾವನವರ ತಲೆಗೆ ಪಿಸ್ಟನ್ ಹೊಕ್ಕಿದ್ದು.

ಭಾವನವರ ಹೊಲ ಹಂಗಳದ ಕಡೆ. ಮುಸುಕಿನ ಜೋಳ, ಒಂದಿಷ್ಟು ಆಲೂಗೆಡ್ಡೆ, ರಸ್ತೆ ಬದಿಗೆ ಚೆಂಡುಹೂವು. ಚೆಂಡುಹೂವಿಗೆ ಕೇರಳದವರು ಬಂದು ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ, ಜೋಳಕ್ಕೆ ಬಂಡೀಪುರದವರು ಬಂದು ನಿಲ್ಲುತ್ತಾರೆ. ಇವರು ಫೋಟೊ ತೆಗೆಸಿಕೊಳ್ಳುವುದಿಲ್ಲ. 2009ರಿಂದ ಬಂಡೀಪುರದ ಹೆದ್ದಾರಿಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಓಡುವಂತಿಲ್ಲ. ವಾಹನಕ್ಕೆ ಗೇಟು ಹಾಕುವ ಹೊತ್ತೇ ಹಂದಿಗೆ ಗೇಟು ತೆರೆಯುವ ಹೊತ್ತು.

“ಅಂತಿಂಥ ಕೋವಿ ಅಲ್ಲ ಕನಪ್ಪ, ಸೆಮಿ ಆಟೋಮ್ಯಾಟಿಕ್ಕು. ಅದರಲ್ಲೂ ಪಿಸ್ಟನ್ ಇರೋದು. ಗ್ಯಾಸ್ ನೇರ ಒಳಕ್ಕೆ ಹೊಡೆಯೋದು ಬ್ಯಾಡ, ಮಸಿ ಜಾಸ್ತಿ” ಎಂದರು ಭಾವ. ಈ ಜ್ಞಾನ ಅವರಿಗೆ ಮೊಬೈಲಿನಿಂದ ಬಂದದ್ದು. ಅಟ್ಟಣೆಯ ಮೇಲೆ ಕೂತು ಹಂದಿ ಕಾಯುವವನಿಗೆ ರಾತ್ರಿ ಕಳೆಯಲು ಬೇರೇನಿದೆ? ಟೆಕ್ಸಾಸಿನ ಯಾರೋ ಗಡ್ಡದವನು ಇಂಗ್ಲಿಷಿನಲ್ಲಿ ಕೋವಿ ಬಿಚ್ಚಿ ಜೋಡಿಸುವುದನ್ನು ಇವರು ಕಂಬಳಿ ಹೊದ್ದು ನೋಡುತ್ತಾರೆ. ಭಾಷೆ ಅರ್ಥವಾಗುವುದಿಲ್ಲ, ಪಿಸ್ಟನ್ ಅರ್ಥವಾಗುತ್ತದೆ. ಡೀಸೆಲ್ ಪಂಪು ಬಿಚ್ಚಿ ಬೆಳೆದ ಕೈ ಅದು.

ನಿಜ ಹೇಳಬೇಕೆಂದರೆ ಭಾವನವರು ಅರ್ಥಮಾಡಿಕೊಂಡದ್ದು ಸರಿಯಾಗಿಯೇ ಇತ್ತು. ಗುಂಡು ನಳಿಗೆಯಲ್ಲಿ ಓಡುವಾಗ ಅದರ ಬೆನ್ನಿಗೆ ಮದ್ದಿನ ಬಿಸಿ ಅನಿಲ ಅಂಟಿಕೊಂಡೇ ಓಡುತ್ತದೆ. ನಳಿಗೆಗೊಂದು ಸಣ್ಣ ತೂತು ಕೊರೆದು ಆ ಅನಿಲದಲ್ಲಿ ಒಂದು ಚೂರು ಕದ್ದುಕೊಂಡರೆ, ಬೋಲ್ಟನ್ನು ಹಿಂದಕ್ಕೆ ದಬ್ಬಿ ಖಾಲಿ ತೋಟಾ ಹೊರಗೆಸೆಯುವ ಕೆಲಸ ಅದರಿಂದಲೇ ಆಗುತ್ತದೆ. ಬೋಲ್ಟು ಮುಂದಕ್ಕೆ ಬರುವಾಗ ಹೊಸ ತೋಟಾ ತಳ್ಳಿಕೊಂಡು ಬರಲು ಸ್ಪ್ರಿಂಗ್ ಇದ್ದೇ ಇದೆ. ಕದ್ದ ಅನಿಲ ಮೊದಲು ಒಂದು ಪಿಸ್ಟನ್ನನ್ನು ತಳ್ಳಿ, ಆ ಪಿಸ್ಟನ್ನು ಬೋಲ್ಟನ್ನು ತಳ್ಳಿದರೆ ಅದು ಒಂದು ಜಾತಿ. ರಷ್ಯಾದ ಎಕೆ-47 ಪೂರ್ತಿ ಆಟೋಮ್ಯಾಟಿಕ್ ಆದರೂ ಅದರ ಒಳಗಿನ ಸಂಸಾರ ಇದೇ. ಪಿಸ್ಟನ್ನಿನ ದಲ್ಲಾಳಿಯೇ ಬೇಡವೆಂದು ಅನಿಲವನ್ನು ಕೊಳವೆಯಲ್ಲಿ ನೇರ ಬೋಲ್ಟಿನ ಮನೆಗೆ ಕಳುಹಿಸಿದರೆ ಇನ್ನೊಂದು ಜಾತಿ. ಅಮೆರಿಕದ ಯೂಜೀನ್ ಸ್ಟೋನರ್ ರೂಪಿಸಿದ ಎಆರ್-15 ಅದಕ್ಕೆ ಸೇರಿದ್ದು. ಪಿಸ್ಟನ್ನಿನದು ಭಾರ, ಆದರೆ ಬೋಲ್ಟಿನ ಮನೆಗೆ ಮಸಿ ಕಡಿಮೆ. ಇನ್ನೊಂದು ಹಗುರ, ಆದರೆ ತಿಕ್ಕಿ ತೊಳೆಯುವ ಕೆಲಸ ಜಾಸ್ತಿ. ಅಮೆರಿಕದಲ್ಲಿ ಈ ಎರಡರ ನಡುವೆ ನಡೆಯುವ ಜಗಳಕ್ಕೆ ಹೋಲಿಸಿದರೆ ನಮ್ಮಲ್ಲಿ ಮುದ್ದೆಗೆ ಸೊಪ್ಪಿನ ಸಾರೋ ಹುರುಳಿ ಸಾರೋ ಎಂಬ ಜಗಳ ಏನೇನೂ ಅಲ್ಲ.

“ಈ ಕಡೆ ಧೂಳು ಜಾಸ್ತಿ, ಅದಕ್ಕೇ ಪಿಸ್ಟನ್ನು” ಎಂದು ಭಾವ ತೀರ್ಪು ಕೊಟ್ಟರು. ಧೂಳು ಗೆದ್ದಾಯಿತು. ಇನ್ನು ದೆಹಲಿ ಒಂದನ್ನು ಗೆಲ್ಲಬೇಕು, ಅಷ್ಟೆ.

ಅಲ್ಲಿಯವರೆಗೆ ಭಾವನವರು ಅಂದುಕೊಂಡಿದ್ದು ಚಾಮರಾಜನಗರದ ಜಿಲ್ಲಾಧಿಕಾರಿ ಕಚೇರಿಗೆ ಹೋಗಿ ಅರ್ಜಿ ಹಾಕಿದರೆ ಸಾಕೆಂದು. ಅದೇನು ಕಡಿಮೆ ಧೈರ್ಯವಲ್ಲ. ಚಾಮರಾಜನಗರಕ್ಕೆ ಕಾಲಿಟ್ಟರೆ ಕುರ್ಚಿ ಹೋಗುತ್ತದೆಂದು ಮುಖ್ಯಮಂತ್ರಿಗಳೇ ಹೆದರುತ್ತಿದ್ದ ಊರದು; ಸಿದ್ದರಾಮಯ್ಯನವರು ಮತ್ತೆ ಮತ್ತೆ ಬಂದು ಹೋಗಿ ಆ ಹೆದರಿಕೆಗೆ ಎಳ್ಳುನೀರು ಬಿಟ್ಟರು. ಆದರೆ ಅರೆ ಸ್ವಯಂಚಾಲಿತ ರೈಫಲ್ಲು ಜಿಲ್ಲಾಧಿಕಾರಿಯ ಕೈಯಲ್ಲಿಲ್ಲ. 2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿ ಅದು ನಿರ್ಬಂಧಿತ ವರ್ಗದಲ್ಲಿ ಕೂತಿದೆ. ಸೇನೆಯ 7.62 ಮಿ.ಮೀ. ತೋಟಾ ಹಿಡಿಸುವ ಕೋವಿಯಾದರೆ, ಕೈಯಿಂದ ಬೋಲ್ಟ್ ಎಳೆಯುವಂಥದ್ದೂ ಅಲ್ಲೇ. ಅದಕ್ಕೆಲ್ಲ ಕೇಂದ್ರ ಗೃಹ ಇಲಾಖೆಯ ಬಾಗಿಲು. ಹಂಗಳದ ಹಂದಿಯ ವಿಚಾರವನ್ನು ದೆಹಲಿಯಲ್ಲಿ ಯಾವ ಭಾಷೆಯಲ್ಲಿ ಹೇಳುವುದೆಂದು ಭಾವ ಒಂದು ಗಳಿಗೆ ಯೋಚಿಸಿದ್ದು ನಿಜ.

ಇನ್ನೂ ಸ್ವಾರಸ್ಯ ಇರುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಕಲಮಿನಲ್ಲಿ. ಬೆಳೆ ರಕ್ಷಣೆಗೆ ಕೋವಿ ಬೇಕೆಂದು ರೈತ ಕೇಳಿದರೆ ಏನು ಕೊಡಬೇಕೆಂದು ಅಲ್ಲೇ ಬರೆದಿದೆ: ಬಾಯಿಯಿಂದ ಮದ್ದು ತುಂಬುವ ಕೋವಿ. ಅಂದರೆ ನಳಿಗೆಯ ಮೂತಿಯಿಂದ ಮದ್ದು ಸುರಿದು, ಗಜದಿಂದ ಜಡಿದು, ಚರೆ ಹಾಕಿ, ಮತ್ತೆ ಜಡಿದು, ಕೇಪು ಇಟ್ಟು ಹೊಡೆಯುವ ನಮ್ಮ ತಾತನ ಕಾಲದ ಕೇಪಿನ ಕೋವಿ. ಇದು ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ ಮಾತ್ರ, ನಳಿಗೆ 20 ಅಂಗುಲಕ್ಕೆ ಕಡಿಮೆಯಿಲ್ಲದ ಬೇರೆ ನಯನಳಿಗೆಯ ಕೋವಿ ಕೊಡಬಹುದು. ಭಾವ ಸೆಕೆಂಡಿಗೆ ಎರಡು ಗುಂಡಿನ ಲೆಕ್ಕ ಹಾಕುತ್ತಿದ್ದರು. ಕಾಯ್ದೆಯ ಲೆಕ್ಕದಲ್ಲಿ ಎರಡನೇ ಗುಂಡು ಹೊಡೆಯುವ ಹೊತ್ತಿಗೆ ಹಂದಿ ಊಟ ಮುಗಿಸಿ, ಮಕ್ಕಳಿಗೂ ಉಣಿಸಿ, ಮೇಲುಕಾಮನಹಳ್ಳಿ ದಾಟಿರುತ್ತದೆ.

ನನಗೇನೋ ಕಾಯ್ದೆ ಬರೆದವರ ಮೇಲೆ ಗೌರವವೇ ಹುಟ್ಟಿತು. ಒಂದು ಸಲ ಹೊಡೆದು ಅರ್ಧ ಗಂಟೆ ಜಡಿಯುತ್ತಾ ಕೂತವನು ಯಾರನ್ನೂ ಕೊಲ್ಲುವುದು ಕಷ್ಟ.

ಇಷ್ಟಕ್ಕೆ ಮುಗಿಯಲಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 34ನೇ ಕಲಮು ಹೇಳುವ ಪ್ರಕಾರ ಅಭಯಾರಣ್ಯದಿಂದ 10 ಕಿಲೋಮೀಟರಿನೊಳಗೆ ಹೊಸ ಕೋವಿ ಪರವಾನಗಿ ಕೊಡಬೇಕಾದರೆ ಮುಖ್ಯ ವನ್ಯಜೀವಿ ಪಾಲಕರ ಒಪ್ಪಿಗೆ ಮೊದಲು ಬೇಕು. ರಾಷ್ಟ್ರೀಯ ಉದ್ಯಾನಕ್ಕೂ ಇದು ಅನ್ವಯ. ಈಗ ನಕ್ಷೆ ಬಿಡಿಸಿ. ಗುಂಡ್ಲುಪೇಟೆಯ ದಕ್ಷಿಣಕ್ಕೆ ಬಂಡೀಪುರ, ಚಾಮರಾಜನಗರದ ಪೂರ್ವಕ್ಕೆ ಬಿಳಿಗಿರಿರಂಗನ ಬೆಟ್ಟ, ಅದರಾಚೆ ಮಲೆ ಮಹದೇಶ್ವರ ಬೆಟ್ಟ, ಮೇಲೆ ಕಾವೇರಿ ವನ್ಯಧಾಮ. ಹತ್ತು ಕಿಲೋಮೀಟರಿನ ಗೆರೆ ಎಳೆಯುತ್ತಾ ಹೋದರೆ ಜಿಲ್ಲೆಯಲ್ಲಿ ಹಂದಿ ಬರುವ ಊರುಗಳಲ್ಲೆಲ್ಲ ಕೋವಿಗೆ ಅಡ್ಡಿ, ಕೋವಿಗೆ ಅಡ್ಡಿಯಿಲ್ಲದ ಊರುಗಳಲ್ಲಿ ಹಂದಿಯ ಕಾಟವೇ ಕಡಿಮೆ. ಕೋವಿ ಸಿಕ್ಕಿತೆಂದೇ ಇಟ್ಟುಕೊಳ್ಳಿ. ಅನುಮತಿಯಿಲ್ಲದೆ ಹಂದಿಯನ್ನು ಕೊಂದರೆ ಅದೇ ಕಾಯ್ದೆಯಲ್ಲಿ ಅಪರಾಧ. ಹೆದರಿಸಬಹುದು. ಹೆದರಿಸಲು ಪಿಸ್ಟನ್ ಯಾಕೆ ಎಂದು ಕೇಳಿದೆ. ಭಾವ ಉತ್ತರಿಸದೆ ಎಲೆಅಡಿಕೆಗೆ ಸುಣ್ಣ ಹಚ್ಚಿದರು.

ಆಮೇಲೆ ಕೊಡಗಿನ ಮಾತು ತೆಗೆದರು. ಈ ಮಾತು ಬಂದೇ ಬರುತ್ತದೆಂದು ನಾನು ಕಾಯುತ್ತಿದ್ದೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯ ಅಗತ್ಯವಿಲ್ಲ, ಆ ವಿನಾಯಿತಿಯನ್ನು ಕೇಂದ್ರ 2029ರವರೆಗೆ ಮುಂದುವರಿಸಿದೆ, ಹೈಕೋರ್ಟೂ ಎತ್ತಿಹಿಡಿದಿದೆ. “ಅವರು ಹಬ್ಬಕ್ಕೆ ಕೋವಿ ಪೂಜೆ ಮಾಡ್ತಾರೆ, ನಾವೂ ಆಯುಧಪೂಜೆ ಮಾಡಲ್ವಾ?” ಮಾಡುತ್ತೇವೆ. ಟ್ರ್ಯಾಕ್ಟರಿಗೆ, ಮಚ್ಚಿಗೆ, ಮೋಟಾರಿಗೆ. ಆದರೆ ಕೊಡಗಿನ ವಿನಾಯಿತಿಯೂ ಟೆಕ್ಸಾಸಿನ ಗಡ್ಡದವನ ಕೋವಿಗಲ್ಲ ಎಂಬುದನ್ನು ಅವರ ಗಮನಕ್ಕೆ ತಂದೆ.

ದೊಡ್ಡ ಕೋವಿ ಈ ಜಿಲ್ಲೆಗೆ ಹೊಸದೇನಲ್ಲ. ಮೈಸೂರಿನಲ್ಲಿ ಆನೆ ಹಿಡಿಸುತ್ತಿದ್ದ ಖೆಡ್ಡಾ ಸಾಹೇಬ ಜಿ. ಪಿ. ಸ್ಯಾಂಡರ್ಸನ್ ಚಾಮರಾಜನಗರದ ಸುತ್ತಿನ ಕಾಡುಗಳಲ್ಲಿ ಬೀಡುಬಿಟ್ಟವನು. ಹದಿಮೂರು ವರ್ಷದ ಅನುಭವ ಸೇರಿಸಿ 1878ರಲ್ಲಿ ಪುಸ್ತಕ ತಂದ. ಆನೆಗೆಂದು ಅವನು ಹೊತ್ತದ್ದು 4 ಬೋರಿನ ಕೋವಿ. ಬೋರಿನ ಲೆಕ್ಕ ಸುಲಭ: ಒಂದು ಪೌಂಡು ಸೀಸದಲ್ಲಿ ಎಷ್ಟು ಗುಂಡು ಎರಕ ಹೊಯ್ಯಬಹುದೋ ಅಷ್ಟು ಬೋರು. ನಮ್ಮವರ 12 ಬೋರಿನದು ಪೌಂಡಿಗೆ ಹನ್ನೆರಡು, ಅವನದು ಪೌಂಡಿಗೆ ನಾಲ್ಕೇ. ಒಂದೊಂದು ಗುಂಡು 113 ಗ್ರಾಂ. ಅಂಥ ಸಾಹೇಬ ಬಂದು, ಹೊಡೆದು, ಹಿಡಿದು, ಬರೆದು ಹೋದ. ಆನೆಗಳು ಮಾತ್ರ ಇವತ್ತಿಗೂ ಸಂಜೆಯ ಹೊತ್ತಿಗೆ ಬಾಳೆತೋಟಕ್ಕೆ ತಪ್ಪದೆ ಹಾಜರು.

ಪಿಸ್ಟನ್ ಇರುವ ಸೆಮಿ ಆಟೋಮ್ಯಾಟಿಕ್ ಕೂಡ ನಮಗೆ ಗೊತ್ತಿಲ್ಲದ್ದಲ್ಲ. 1962ರ ಚೀನಾ ಯುದ್ಧದಲ್ಲಿ ನಮ್ಮ ಸೈನಿಕರ ಕೈಯಲ್ಲಿದ್ದದ್ದು ಬೋಲ್ಟ್ ಎಳೆಯುವ .303, ಆಮೇಲೆ ಈಶಾಪುರದ ಕಾರ್ಖಾನೆಯಿಂದ ಬಂದ ಎಸ್‌ಎಲ್‌ಆರ್ ರೈಫಲ್ಲು ಇದೇ ಪಿಸ್ಟನ್ ಜಾತಿಯದು. ಈ ಜಿಲ್ಲೆಯ ಹಳ್ಳಿಯವರು ಅಂಥ ಕೋವಿಗಳನ್ನು ಹತ್ತಿರದಿಂದ ಕಂಡದ್ದು ವೀರಪ್ಪನ್ ಕಾಲದಲ್ಲಿ. ಅವನು 1992ರಲ್ಲಿ ರಾಮಾಪುರ ಠಾಣೆಗೆ ನುಗ್ಗಿ ಪೊಲೀಸರನ್ನು ಕೊಂದು ಆಯುಧ ಹೊತ್ತೊಯ್ದ. ಅಲ್ಲಿಂದ ಮುಂದೆ ಕಾಡಂಚಿನವರಿಗೆ ಆ ಕಡೆಯಿಂದಲೂ ಕೋವಿ, ಈ ಕಡೆಯಿಂದಲೂ ಕೋವಿ. ಬರೀ ಅನುಮಾನದ ಮೇಲೆ ಎಷ್ಟೋ ಜನ ಟಾಡಾ ಕಾಯ್ದೆಯ ಕೈದಿಗಳಾಗಿ ವರ್ಷಗಟ್ಟಲೆ ಜೈಲಿನಲ್ಲಿ ಕೊಳೆತರು. 2004ರ ಅಕ್ಟೋಬರಿನಲ್ಲಿ ವೀರಪ್ಪನ್ ಸತ್ತ ಸುದ್ದಿ ಬಂದ ಮೇಲೂ ಎಷ್ಟೋ ಮನೆಗಳಲ್ಲಿ ಕೋವಿಯ ಮಾತು ಬಂದರೆ ಮುದುಕಿಯರು ಮೊದಲು ಕದ ಹಾಕುತ್ತಿದ್ದರು. ಭಾವನವರ ತಾಯಿಯೂ ಅವರಲ್ಲೊಬ್ಬರು. ಅವರಿಗೆ ಪಿಸ್ಟನ್ ವಿಷಯ ಇನ್ನೂ ಹೇಳಿಲ್ಲ.

“ಹೋಗಲಿ, ಏರ್‌ಗನ್ ತಕ್ಕೊಳ್ಳಿ” ಎಂದೆ. ತಮಾಷೆಯೆಂದರೆ ಅದರೊಳಗೆ ನಿಜವಾದ ಪಿಸ್ಟನ್ ಇದೆ. ನಳಿಗೆ ಮುರಿದು ಬಗ್ಗಿಸಿದರೆ ಸ್ಪ್ರಿಂಗು ಅಮುಕುತ್ತದೆ, ಟ್ರಿಗರ್ ಎಳೆದರೆ ಸ್ಪ್ರಿಂಗು ಪಿಸ್ಟನ್ನನ್ನು ತಳ್ಳುತ್ತದೆ, ಪಿಸ್ಟನ್ನು ಗಾಳಿಯನ್ನು ತಳ್ಳುತ್ತದೆ. .177 ಬೋರಿನೊಳಗೆ, 20 ಜೂಲಿನೊಳಗೆ ಇದ್ದರೆ ಪರವಾನಗಿಯೂ ಬೇಡ. ಆದರೆ ಅದರ ಚರೆ ತಾಗಿದರೆ ಹಂದಿ ಬೆನ್ನು ಕೆರೆದುಕೊಂಡು, ಇನ್ನೊಂದು ಸಲ ಕೆರೆಯಿರೆಂದು ತಿರುಗಿ ನಿಲ್ಲುತ್ತದೆ. ಹಕ್ಕಿಗೆ ಹೊಡೆದರೆ ಅರಣ್ಯ ಇಲಾಖೆ ತಿರುಗಿ ನಿಲ್ಲುತ್ತದೆ.

ಪರವಾನಗಿಯ ಕೋವಿ ಇರುವ ನೆರೆಯವರನ್ನಾದರೂ ಕೇಳೋಣವೆಂದು ಹೋದರೆ ಅವರ ಗೋಳು ಬೇರೆ. ಚುನಾವಣೆ ಬಂತೆಂದರೆ ಕೋವಿಯನ್ನು ಠಾಣೆಗೊಪ್ಪಿಸಬೇಕು. 2024ರ ಲೋಕಸಭೆಗೆ ನೀತಿಸಂಹಿತೆ ಮಾರ್ಚ್ 16ಕ್ಕೆ ಬಂದದ್ದು, ಎಣಿಕೆ ನಡೆದದ್ದು ಜೂನ್ 4ಕ್ಕೆ. ಅಷ್ಟೂ ದಿನ ಹಂದಿಗಳು ಯಾವ ಸಂಹಿತೆಯನ್ನೂ ಪಾಲಿಸಲಿಲ್ಲ. “ಕೋವಿ ಇದ್ರೂ ರಾತ್ರಿಯೆಲ್ಲ ಎದ್ದಿರೋದು ತಪ್ಪಲ್ಲ ಕನಣ್ಣ” ಎಂದರು ನೆರೆಯವರು, ಆಕಳಿಸುತ್ತಾ.

ಭಾವನವರ ಮುಖ ಇಳಿದದ್ದು ಆ ಆಕಳಿಕೆಗೆ. ಕಾಯ್ದೆಗಳನ್ನೆಲ್ಲ ಅವರು ತಡೆದುಕೊಂಡಿದ್ದರು, ಇದನ್ನು ತಡೆದುಕೊಳ್ಳಲಾಗಲಿಲ್ಲ. ಅವರಿಗೆ ಬೇಕಾದದ್ದು ಕೋವಿಯಲ್ಲವೆಂದು ನನಗೆ ಮೊದಲಿಂದ ಗುಮಾನಿ. ಬೇಕಾದದ್ದು ಹಾಸಿಗೆಯಲ್ಲಿ ಒಂದು ಪೂರ್ತಿ ರಾತ್ರಿ. ಈಶಾಪುರದ್ದೋ ಅಮೆರಿಕದ್ದೋ, ಟ್ರಿಗರ್ ಒತ್ತಲು ಯಾರಾದರೂ ಚಳಿಯಲ್ಲಿ ಅಟ್ಟಣೆ ಹತ್ತಿ ಕಣ್ಣು ಬಿಟ್ಟುಕೊಂಡು ಕೂತಿರಲೇಬೇಕು. ಮಲಗಿದವನ ಪರವಾಗಿ ಹಂದಿ ಓಡಿಸುವ ಪಿಸ್ಟನ್ನನ್ನು ಇನ್ನೂ ಯಾರೂ ಕಂಡುಹಿಡಿದಿಲ್ಲ.

ಇದ್ದುದರಲ್ಲಿ ಮಲಗಿದವನ ಪರವಾಗಿ ನಿಲ್ಲುವುದು ಬೇಲಿ. ಸೋಲಾರ್ ತಂತಿ ಇದೆ, ಆನೆಗೆ ರೈಲು ಕಂಬಿಯ ತಡೆ ಇದೆ, ಕಂದಕ ಇದೆ. ಕರೆಂಟನ್ನು ನೇರ ತಂತಿಗೆ ಕೊಡುವ ಕೇಡಿನ ಬುದ್ಧಿಯೂ ಕೆಲವರಿಗಿದೆ. ಅದರಲ್ಲಿ ಆನೆ ಸಾಯುತ್ತದೆ, ಎಷ್ಟೋ ಸಲ ಹಾಕಿದವನೇ ಸಾಯುತ್ತಾನೆ. ಇವೆಲ್ಲದರ ನಡುವೆ ಅತಿ ಅಗ್ಗದ್ದು ಹಳೇ ಸೀರೆ. ಗೂಟ ನೆಟ್ಟು ಹೊಲದ ಸುತ್ತ ಸೀರೆ ಕಟ್ಟಿದರೆ ಗಾಳಿಗೆ ಪಟಪಟ ಎನ್ನುತ್ತದೆ, ಮನುಷ್ಯರ ವಾಸನೆಯೂ ಇರುತ್ತದೆ. ಹಂದಿ ಕೆಲವು ವಾರವಾದರೂ ಅನುಮಾನದಿಂದ ಮೂಗೆತ್ತಿ ನಿಲ್ಲುತ್ತದೆ. ಬೆಳಗಿನ ಹೊತ್ತು ಗುಂಡ್ಲುಪೇಟೆಯಿಂದ ಬಂಡೀಪುರದ ಕಡೆಗೆ ಹೊರಟರೆ ಕೆಂಪು, ಹಳದಿ, ನೀಲಿ ಸೀರೆ ಉಟ್ಟ ಹೊಲಗಳು ಸಾಲಾಗಿ ನಿಂತಿರುತ್ತವೆ. ಪರವಾನಗಿ ಬೇಡ, ಠಾಣೆಗೊಪ್ಪಿಸಬೇಕಿಲ್ಲ, ಮಸಿಯಂತೂ ಇಲ್ಲವೇ ಇಲ್ಲ.

ಕೊನೆಗೆ ಭಾವ ಒಪ್ಪಿ ಅಕ್ಕನ ಪೆಟ್ಟಿಗೆಯ ಕಡೆ ನಡೆದರು. ಅಕ್ಕ ಅಡುಗೆಮನೆಯಿಂದಲೇ ಕೂಗಿದಳು: “ಆ ಮೈಸೂರು ಸಿಲ್ಕಿಗೆ ಕೈ ಹಾಕಿದ್ರೆ ನೋಡಿ, ದೆಹಲಿಗೆ ಅರ್ಜಿ ನಾನು ಹಾಕ್ತೀನಿ.”