ಹುಟ್ಟದವರ ಹಿತರಕ್ಷಕರು

ಅಭಿಮನ್ಯು ಚಕ್ರವ್ಯೂಹದಲ್ಲಿ ಸಿಕ್ಕಿಬಿದ್ದದ್ದು ಯಾರ ತಪ್ಪಿನಿಂದ ಎಂದು ಯಾವ ಮನೆಯ ಜಗಲಿಯಲ್ಲಾದರೂ ಕೇಳಿ ನೋಡಿ. ಸುಭದ್ರೆಯ ತಪ್ಪಿನಿಂದ ಎನ್ನುತ್ತಾರೆ. ತುಂಬು ಬಸುರಿ, ವ್ಯೂಹದ ವಿವರಣೆ ಅರ್ಧಕ್ಕೆ ಬಂದಾಗ ನಿದ್ದೆ ಹೋದಳಂತೆ; ಹೊರಬರುವ ದಾರಿ ಹೊಟ್ಟೆಯೊಳಗಿನ ಕೂಸಿನ ಕಿವಿಗೆ ಬೀಳಲೇ ಇಲ್ಲವಂತೆ. ವಿವರಿಸುತ್ತಿದ್ದವನು ಗಂಡ ಅರ್ಜುನನೋ ಅಣ್ಣ ಕೃಷ್ಣನೋ, ಕಥೆ ಹೇಳುವವರಲ್ಲಿ ಒಮ್ಮತವಿಲ್ಲ. ನಿದ್ದೆ ಹೋದವಳು ಸುಭದ್ರೆ ಎಂಬುದರಲ್ಲಿ ಮಾತ್ರ ಎಲ್ಲರದೂ ಒಂದೇ ಮಾತು. ದಿನ ತುಂಬುತ್ತಿರುವ ಹೆಂಗಸಿನ ಮುಂದೆ ಕೂತು ಮಾತಾಡಲು ಆ ಗಂಡಸಿಗೆ ಯುದ್ಧ ಬಿಟ್ಟು ಬೇರೆ ವಿಷಯ ಸಿಗಲಿಲ್ಲವೇ ಎಂದು ಯಾವ ಹರಿಕಥೆ ದಾಸರೂ ಕೇಳಿದ್ದನ್ನು ನಾನು ಕೇಳಿಲ್ಲ.

ಹುಟ್ಟುವ ಮೊದಲೇ ಹೆಸರು ಮಾಡಿದವರು ನಮ್ಮಲ್ಲಿ ಇನ್ನೂ ಇದ್ದಾರೆ. ನಾರದರ ಉಪದೇಶವನ್ನು ಒಳಗಿಂದಲೇ ಕೇಳಿಸಿಕೊಂಡ ಪ್ರಹ್ಲಾದ. ಅಪ್ಪನ ವೇದಪಾಠದಲ್ಲಿ ತಪ್ಪು ಹಿಡಿದು ಶಾಪ ತಿಂದ ಅಷ್ಟಾವಕ್ರ. ಬ್ರಹ್ಮಾಸ್ತ್ರದ ಬಾಯಿಂದ ಕೃಷ್ಣನೇ ಉಳಿಸಿಕೊಟ್ಟ ಪರೀಕ್ಷಿತ. ಇವರ ನಡುವೆ ಒಬ್ಬ ಹುಡುಗಿಯಿಲ್ಲ. ಆಗ ಸ್ಕ್ಯಾನಿಂಗ್ ಯಂತ್ರ ಇರಲಿಲ್ಲ ನಿಜ, ಆದರೂ ಯಾರ ಗರ್ಭವಾಸಕ್ಕೆ ಅಧ್ಯಾಯ ಮೀಸಲಿಡಬೇಕು ಎಂಬುದು ಗೊತ್ತಿತ್ತು.

ಪುರಾಣ ಸಾಕು, ಆಸ್ತಿಗೆ ಬರೋಣ. ನಮ್ಮಲ್ಲಿ ಜೀವದ ಚರ್ಚೆ ಕೊನೆಗೆ ಬಂದು ನಿಲ್ಲುವುದು ಅಲ್ಲಿಯೇ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗ ತಾಯಿಯ ಹೊಟ್ಟೆಯಲ್ಲಿರುವಾಗಲೇ ಪಾಲುದಾರ, ಇದು ಮಿತಾಕ್ಷರದ ಕಾಲದಿಂದ ಬಂದ ಲೆಕ್ಕ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯೂ ಉಯಿಲು ಬರೆಯದೆ ಸತ್ತವನ ಗರ್ಭಸ್ಥ ಮಗು ಆಮೇಲೆ ಜೀವಂತವಾಗಿ ಹುಟ್ಟಿದರೆ, ಅವನು ಸಾಯುವ ಮೊದಲೇ ಹುಟ್ಟಿತ್ತೆಂದು ತಿಳಿದು ಪಾಲು ಕೊಡಿ ಎಂದಿತು. ಭ್ರೂಣಕ್ಕೆ ವ್ಯಕ್ತಿಯ ಸ್ಥಾನ ಉಂಟೋ ಇಲ್ಲವೋ ಎಂದು ಪಾಶ್ಚಾತ್ಯ ಪಂಡಿತರು ತಲೆ ಕೆಡಿಸಿಕೊಳ್ಳುವ ಎಷ್ಟೋ ಮೊದಲೇ ನಾವು ಅದಕ್ಕೆ ಹೊಲದಲ್ಲಿ ಜಾಗ ಅಳೆದಿಟ್ಟಿದ್ದೆವು. ಹುಟ್ಟಿ, ಬೆಳೆದು, ಅದೇ ಹೊಲದಲ್ಲಿ ಕಳೆ ಕೀಳುತ್ತಿದ್ದ ಮಗಳಿಗೆ ಜನ್ಮಸಿದ್ಧ ಪಾಲು ಬಂದದ್ದು ಕರ್ನಾಟಕದಲ್ಲಿ 1994ಕ್ಕೆ, ಅದೂ ಅಷ್ಟರೊಳಗೆ ಮದುವೆಯಾಗಿರದಿದ್ದರೆ. ದೇಶಕ್ಕೆಲ್ಲ ಅದು ಅನ್ವಯವಾದದ್ದು 2005ರಲ್ಲಿ.

ಅದೇ 1994ರಲ್ಲಿ ದೆಹಲಿಯಲ್ಲಿ ಇನ್ನೊಂದು ಕಾಯ್ದೆ ಆಯಿತು, ಭ್ರೂಣಲಿಂಗ ಪತ್ತೆಯನ್ನು ನಿಷೇಧಿಸುವುದು. ಹೆಣ್ಣಿಗೂ ಪಾಲು ಕೊಡಿ ಎಂದು ಬೆಂಗಳೂರು ಹೇಳುತ್ತಿದ್ದ ವರ್ಷವೇ, ಮೊದಲು ಅವಳನ್ನು ಹುಟ್ಟಲು ಬಿಡಿ ಎಂದು ದೆಹಲಿ ಕೈಮುಗಿಯುತ್ತಿತ್ತು. ಮೊದಲ ಕಾಯ್ದೆಯನ್ನು ಸರಿಯಾಗಿ ಅರ್ಥ ಮಾಡಿಕೊಂಡವರೇ ಎರಡನೆಯದನ್ನು ಮುರಿಯಲು ಹೊರಟರು ಎಂಬುದು ನನ್ನ ಗುಮಾನಿ.

ಎರಡನೆಯ ಕಾಯ್ದೆಯ ದರ್ಶನ ಯಾವ ಸ್ಕ್ಯಾನಿಂಗ್ ಸೆಂಟರಿನಲ್ಲೂ ಆಗುತ್ತದೆ. ಇಲ್ಲಿ ಭ್ರೂಣಲಿಂಗ ಪತ್ತೆ ಮಾಡುವುದಿಲ್ಲ ಎಂಬ ಫಲಕ ಗೋಡೆಯ ಮೇಲೆ ಇರಲೇಬೇಕು. ಒಳಗೆ ‘ಎಫ್’ ಎಂಬ ನಮೂನೆ. ಮಗು ಗಂಡೋ ಹೆಣ್ಣೋ ತಿಳಿಯುವ ಇಚ್ಛೆ ನನಗಿಲ್ಲ ಎಂದು ಬಸುರಿ ಅದರಲ್ಲಿ ಸಹಿ ಹಾಕಬೇಕು. ಹೊರಗೆ ಬೆಂಚಿನ ಮೇಲೆ ಕೂತಿರುವ ಅತ್ತೆ ಯಾವ ಕಾಗದಕ್ಕೂ ಸಹಿ ಹಾಕಬೇಕಾಗಿಲ್ಲ. ಮಾವನಂತೂ ಬೈಕಿನ ಹತ್ತಿರ ನಿಂತಿರುತ್ತಾನೆ.

ಈ ಕಾಗದಪತ್ರದ ರಗಳೆಯೇ ಬೇಡವೆಂದು ಕೆಲವರು ಯಂತ್ರವನ್ನು ಮಂಡ್ಯದ ಆಲೆಮನೆಗೆ ಸಾಗಿಸಿದರು. ಕಬ್ಬು ಅರೆಯುವ ಜಾಗದಲ್ಲಿ ಸ್ಕ್ಯಾನಿಂಗ್, ಹೆಣ್ಣೆಂದು ತಿಳಿದರೆ ಮೈಸೂರಿನ ಆಸ್ಪತ್ರೆಯಲ್ಲಿ ‘ಕ್ಲೀನ್ ಮಾಡಿಸುವುದು’. 2023ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಬೈಯಪ್ಪನಹಳ್ಳಿ ಪೊಲೀಸರು ಒಂದು ಕಾರು ತಡೆದು ನಿಲ್ಲಿಸಿದಾಗ ಜಾಲ ಹೊರಬಿತ್ತು. ಕೆಲವೇ ವರ್ಷಗಳಲ್ಲಿ ಸುಮಾರು 900 ಗರ್ಭಪಾತ ಎಂಬುದು ಆಗ ಪೊಲೀಸರು ಕೊಟ್ಟ ಲೆಕ್ಕ. ಇಷ್ಟು ಕಾರುಗಳು ಆಲೆಮನೆಗೆ ಬಂದು ಬೆಲ್ಲ ಕೊಳ್ಳದೆ ಹಿಂತಿರುಗಿದ್ದು ಆ ಸೀಮೆಯಲ್ಲಿ ಯಾರಿಗೂ ವಿಚಿತ್ರ ಅನ್ನಿಸಲಿಲ್ಲ.

ಅದೇ ಅಕ್ಟೋಬರ್‌ನಲ್ಲಿ, ಅದೇ ದೇಶದಲ್ಲಿ, ಸುಪ್ರೀಂ ಕೋರ್ಟು ಒಂದೇ ಒಂದು ಭ್ರೂಣದ ಎದೆಬಡಿತಕ್ಕೆ ಕಿವಿಗೊಟ್ಟು ಕೂತಿತ್ತು. ಎರಡು ಮಕ್ಕಳ ತಾಯಿ, 27ರ ಹೆಂಗಸು. ಇನ್ನೂ ಮೊಲೆಯೂಡಿಸುತ್ತಿದ್ದುದರಿಂದ ಮುಟ್ಟು ನಿಂತದ್ದು ಬಸಿರಿನಿಂದ ಎಂದು ಗೊತ್ತೇ ಆಗಿರಲಿಲ್ಲ. ಬಾಣಂತನದ ನಂತರ ಹಿಡಿದ ಮನೋರೋಗಕ್ಕೆ ಮಾತ್ರೆ ನುಂಗುತ್ತಿದ್ದಳು. ಇಬ್ಬರು ನ್ಯಾಯಮೂರ್ತಿಗಳ ಪೀಠ ಗರ್ಭಪಾತಕ್ಕೆ ಅನುಮತಿ ಕೊಟ್ಟಿತು. ಮರುದಿನವೇ ಏಮ್ಸ್‌ನ ವೈದ್ಯರೊಬ್ಬರಿಂದ ಇಮೇಲ್: ಭ್ರೂಣ ಬದುಕುವ ಲಕ್ಷಣವಿದೆ, ಎದೆಬಡಿತ ನಿಲ್ಲಿಸಬೇಕೇ? ಪೀಠ ಇಬ್ಭಾಗವಾಯಿತು. ನ್ಯಾಯಮೂರ್ತಿ ಹಿಮಾ ಕೊಹ್ಲಿ ಅವರ ಮನಸ್ಸು ಒಪ್ಪಲಿಲ್ಲ. ಆ ತಾಯಿಯ ನಿರ್ಧಾರಕ್ಕೆ ಬೆಲೆ ಕೊಡಬೇಕು ಎಂದವರು ನಮ್ಮವರೇ ಆದ ಬಿ.ವಿ. ನಾಗರತ್ನ. ಮೂವರ ಪೀಠ ಅಕ್ಟೋಬರ್ 16ರಂದು ಅನುಮತಿ ನಿರಾಕರಿಸಿತು. ಹೆರಿಗೆ ಖರ್ಚು ಸರ್ಕಾರದ್ದು, ಬೇಡವಾದರೆ ಮಗುವನ್ನು ದತ್ತು ಕೊಡಬಹುದು ಎಂಬ ಸಮಾಧಾನವೂ ಸಿಕ್ಕಿತು.

ಇಪ್ಪತ್ತಾರು ವಾರ ದಾಟಿದ ಭ್ರೂಣದ ಬಗ್ಗೆ ಕೈ ನಡುಗಿದವರನ್ನು ನಾನು ಗೇಲಿ ಮಾಡುವುದಿಲ್ಲ. ಜೀವ ಎಲ್ಲಿಂದ ಶುರು ಎಂಬ ಪ್ರಶ್ನೆಗೆ ನಿದ್ದೆಗೆಟ್ಟವರು ಸಾಚಾ ಜನ, ಅವರ ಉತ್ತರ ಯಾವುದೇ ಇರಲಿ. ನನ್ನ ತಕರಾರು ಇರುವುದು ಸ್ಕ್ಯಾನಿಂಗ್ ರಿಪೋರ್ಟ್ ಬರುವವರೆಗೆ ಉತ್ತರ ತಡೆಹಿಡಿದುಕೊಂಡಿರುವವರ ಹತ್ತಿರ. ಗಂಡಾದರೆ ಅದು ಕುಲದ ಕುಡಿ, ಮೂರನೇ ತಿಂಗಳಿಗೇ ಪುಂಸವನ ಮಾಡಿಸಬೇಕಾದ ಜೀವ. ಹೆಣ್ಣಾದರೆ ‘ಇನ್ನೂ ಏನೂ ಆಗಿಲ್ಲ ಬಿಡಿ, ಬರೀ ಮಾಂಸದ ಮುದ್ದೆ’. ಮದುವೆಯಾಗದ ಹುಡುಗಿಯ ಹೊಟ್ಟೆಯಲ್ಲಿದ್ದರೆ ಮರ್ಯಾದೆಯ ಪ್ರಶ್ನೆ, ರಾತ್ರೋರಾತ್ರಿ ಬೇರೆ ಊರಿಗೆ ಕರೆದೊಯ್ದು ‘ತೆಗೆಸಿ’ಕೊಂಡು ಬರಬೇಕಾದದ್ದು. ಮದುವೆಯಾದವಳು ನನಗೀಗ ಬೇಡ ಎಂದರೆ ಅದೇ ಮುದ್ದೆಗೆ ತಕ್ಷಣ ಆತ್ಮ ಬಂದುಬಿಡುತ್ತದೆ, ಪಾಪ ಸುತ್ತಿಕೊಳ್ಳುತ್ತದೆ. ಒಂದೇ ಮನೆಯಲ್ಲಿ, ಒಂದೇ ಅಜ್ಜನ ಬಾಯಲ್ಲಿ ಈ ನಾಲ್ಕೂ ಸಿದ್ಧಾಂತ ನೆಮ್ಮದಿಯಾಗಿ ಬಾಳುತ್ತವೆ.

ಕಾನೂನೂ ಕಡಿಮೆಯೇನಿಲ್ಲ. ಲಿಂಗಪತ್ತೆ ಮಾಡಿಸಿಕೊಂಡು ಸಿಕ್ಕಿಬಿದ್ದರೆ, ಗಂಡನೋ ಬಂಧುಗಳೋ ಬಸುರಿಯನ್ನು ಬಲವಂತಪಡಿಸಿದ್ದಾರೆಂದೇ ನ್ಯಾಯಾಲಯ ಭಾವಿಸಬೇಕು. 1994ರ ಕಾಯ್ದೆಯ 24ನೇ ಕಲಂ ಹಾಗೆ ಹೇಳುತ್ತದೆ. ಅಂದರೆ ಅಲ್ಲಿ ಅವಳಿಗೆ ಸ್ವಂತ ಬುದ್ಧಿಯಿಲ್ಲ. ಅದೇ ಹೆಂಗಸು ತಾನೇ ಯಾವುದೋ ಮಾತ್ರೆ ನುಂಗಿ ಗರ್ಭ ಕಳೆದುಕೊಂಡರೆ ಅವಳೇ ಅಪರಾಧಿ. ಬ್ರಿಟಿಷರು ಬರೆದ 312ನೇ ಕಲಂ ಈಗ ಭಾರತೀಯ ನ್ಯಾಯ ಸಂಹಿತೆಯ 88ನೇ ಕಲಂ ಆಗಿದೆ. ವಸಾಹತುಶಾಹಿಯ ಕುರುಹು ಅಳಿಸುತ್ತೇವೆಂದು ಹೊರಟವರು ಈ ಕುರುಹಿಗೆ ಹೊಸ ನಂಬರ್ ಕೊಟ್ಟು ಜೋಪಾನ ಮಾಡಿದರು.

ನಾವು ತುಂಬ ಚೆನ್ನಾಗಿ ಮಾಡುವ ಕೆಲಸ ಒಂದಿದೆ: ಪರದೇಶಕ್ಕೆ ಬುದ್ಧಿ ಹೇಳುವುದು. ಬೆಳಗಾವಿಯಲ್ಲಿ ಬೆಳೆದ ದಂತವೈದ್ಯೆ ಸವಿತಾ ಹಾಲಪ್ಪನವರ 2012ರ ಅಕ್ಟೋಬರ್ 28ರಂದು ಐರ್ಲೆಂಡಿನ ಗಾಲ್ವೇ ಆಸ್ಪತ್ರೆಯಲ್ಲಿ ತೀರಿಕೊಂಡರು. ಹದಿನೇಳು ವಾರದ ಬಸಿರು. ಉಳಿಯುವುದಿಲ್ಲವೆಂದು ವೈದ್ಯರಿಗೇ ಗೊತ್ತಿತ್ತು. ತೆಗೆಯಿರಿ ಎಂದು ಕೇಳಿಕೊಂಡರು. ಭ್ರೂಣದ ಎದೆ ಬಡಿಯುತ್ತಿದೆ, ಕಾನೂನು ಬಿಡುವುದಿಲ್ಲ ಎಂದರು. ಹುಟ್ಟದ ಮಗುವಿಗೆ ತಾಯಿಯಷ್ಟೇ ಬದುಕುವ ಹಕ್ಕು ಎಂದು 1983ರಲ್ಲಿ ಸಂವಿಧಾನಕ್ಕೇ ಬರೆದುಕೊಂಡಿದ್ದ ದೇಶ ಅದು. ಆ ಎದೆಬಡಿತ ತಾನಾಗಿ ನಿಲ್ಲುವವರೆಗೆ ಕಾದರು, ಅಷ್ಟರಲ್ಲಿ ನಂಜು ತಾಯಿಯ ರಕ್ತಕ್ಕೇರಿತ್ತು. ಸಮಾನ ಹಕ್ಕಿನ ಫಲವಾಗಿ ಇಬ್ಬರೂ ಸಮಾನವಾಗಿ ಸತ್ತರು.

ದೆಹಲಿ ಐರ್ಲೆಂಡಿನ ರಾಯಭಾರಿಯನ್ನು ಕರೆಸಿ ಕಳವಳ ತೋಡಿಕೊಂಡಿತು. ಸರಿಯಾದದ್ದೇ. ಐರಿಷ್ ಜನ 2018ರ ಮೇ 25ರಂದು ಜನಮತ ನಡೆಸಿ, ನೂರಕ್ಕೆ 66 ಮತಗಳಿಂದ ಆ ತಿದ್ದುಪಡಿ ಕಿತ್ತುಹಾಕಿದರು. ಗೋಡೆಗಳ ಮೇಲೆ ಸವಿತಾ ಅವರ ಚಿತ್ರ ಬರೆದು ಕ್ಷಮೆ ಕೇಳಿದರು. ನಾಲ್ಕು ವರ್ಷ ಕಳೆದು, 2022ರ ಜೂನ್‌ನಲ್ಲಿ, ಅದೇ ಬೆಳಗಾವಿ ಜಿಲ್ಲೆಯ ಮೂಡಲಗಿಯಲ್ಲಿ ಡಬ್ಬಿಗಳಲ್ಲಿ ತುಂಬಿ ಎಸೆದಿದ್ದ ಏಳು ಭ್ರೂಣ ಸಿಕ್ಕವು. ಈ ಸಲ ಯಾವ ದೇಶವೂ ನಮ್ಮ ರಾಯಭಾರಿಯನ್ನು ಕರೆಸಲಿಲ್ಲ, ನಾವು ಬಚಾವಾದೆವು.

ಭಾರತದಲ್ಲಿ ಅಂಥ ತೊಂದರೆಯಿಲ್ಲ, 1971ರಲ್ಲೇ ನಾವು ಗರ್ಭಪಾತದ ಕಾಯ್ದೆ ತಂದ ಉದಾರಿಗಳು ಎಂದು ಎದೆಯುಬ್ಬಿಸುವವರುಂಟು. ಆ ಉದಾರತೆ ಕುಟುಂಬ ಯೋಜನೆಯ ಕೆಂಪು ತ್ರಿಕೋನದ ಕಾಲದ್ದು; ಹೆಂಗಸಿನ ಇಷ್ಟಕ್ಕಿಂತ ಜನಸಂಖ್ಯೆಯ ಪಟ್ಟಿ ದೊಡ್ಡದಾಗಿ ಕಾಣುತ್ತಿದ್ದ ಕಾಲ. ಗರ್ಭನಿರೋಧಕ ಕೈಕೊಟ್ಟರೆ ಮನಸ್ಸಿಗೆ ಆಘಾತವಾಗುತ್ತದೆ ಎಂದು ಕಾಯ್ದೆ ಒಪ್ಪಿತು, ಆದರೆ ಮದುವೆಯಾದವಳಿಗೆ ಮಾತ್ರ. ಬಸುರಾದ ಅವಿವಾಹಿತೆ ಬಾವಿಯ ದಾರಿ ಹಿಡಿಯುವ ದೇಶದಲ್ಲಿ, ಅವಳಿಗೂ ಆಘಾತ ಆಗಬಹುದೆಂದು ಕಾಯ್ದೆಗೆ ಹೊಳೆಯಲು 2021ರ ತಿದ್ದುಪಡಿ ಬರಬೇಕಾಯಿತು. ಇಪ್ಪತ್ತು ವಾರ ದಾಟಿದ ಮೇಲೂ ಅವಳಿಗೆ ವಿವಾಹಿತೆಯಷ್ಟೇ ಹಕ್ಕಿದೆ ಎಂದು ಸುಪ್ರೀಂ ಕೋರ್ಟು ಹೇಳಿದ್ದು 2022ರ ಸೆಪ್ಟೆಂಬರ್‌ನಲ್ಲಿ. ಇಪ್ಪತ್ತು ವಾರದವರೆಗೆ ಒಬ್ಬ ವೈದ್ಯರ ಅಭಿಪ್ರಾಯ, ಇಪ್ಪತ್ತನಾಲ್ಕರವರೆಗೆ ಇಬ್ಬರದು, ಆಮೇಲೆ ವೈದ್ಯಕೀಯ ಮಂಡಳಿ. ಹೊಟ್ಟೆ ಬೆಳೆದಂತೆ ಅಭಿಪ್ರಾಯ ಹೇಳುವವರ ಸಂಖ್ಯೆಯೂ ಬೆಳೆಯುತ್ತದೆ.

ಇಷ್ಟೆಲ್ಲ ಆಗಿ ಅವಳು ಆಸ್ಪತ್ರೆಯ ಕೌಂಟರ್ ಮುಂದೆ ಬಂದು ನಿಂತರೆ ಒಳಗಿನಿಂದ ಬರುವ ಮೊದಲ ಪ್ರಶ್ನೆ: ‘ಯಜಮಾನ್ರು ಬಂದಿಲ್ವೇನಮ್ಮಾ? ಅವರ ಸೈನ್ ಬೇಕಲ್ಲಾ.’ ಗಂಡನ ಸಹಿ, ಅವನಿಲ್ಲದಿದ್ದರೆ ಅಪ್ಪನ ಸಹಿ, ಕೊನೆಗೆ ಯಾರಾದರೂ ‘ಜವಾಬ್ದಾರಿ ಇರೋರ’ ಸಹಿ. ಕಾಯ್ದೆ ಇದರಲ್ಲಿ ಒಂದನ್ನೂ ಕೇಳುವುದಿಲ್ಲ. ಅದು ತುಂಬ ಕಡೆ ಹೆಂಗಸನ್ನು ಮರೆತಿದೆ, ಇಲ್ಲಿ ಮಾತ್ರ ಮರೆತಿಲ್ಲ: ಹದಿನೆಂಟು ತುಂಬಿ ಮನಸ್ಸು ಸ್ವಸ್ಥವಿರುವ ಬಸುರಿಯ ಒಪ್ಪಿಗೆಯೊಂದೇ ಸಾಕು, ಗಂಡನ ಸಹಿಗೆ ಅದರಲ್ಲಿ ಜಾಗವೇ ಇಲ್ಲ. ನಿಮ್ಮ ಮನೆಯ ಹೆಣ್ಣುಮಕ್ಕಳಿಗೆ ಇದನ್ನು ಇವತ್ತೇ ಹೇಳಿಡಿ. ಕೌಂಟರಿನಲ್ಲಿ ಕೂತವರು ಹೇಳುವುದಿಲ್ಲ.